ದನದ ಸೀಮೆಯಲ್ಲಿ ಉಣ್ಣಿಯ ಚರಿತ್ರೆ

ಹಾನಗಲ್ಲ ವಿರಾಟನ ನಗರಿ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿ, ಕೌರವರು ದಂಡೆತ್ತಿ ಬಂದು ಹಿಡಿದದ್ದು ಇಲ್ಲಿಯ ಗೋವುಗಳನ್ನು ಎನ್ನುತ್ತಾರೆ. ಅದು ಪುರಾಣ ಎಂದು ಬದಿಗಿಡಬಹುದು. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಪಕ್ಕಕ್ಕೋ ಕೆರೆಯ ಏರಿಗೋ ನಿಂತಿರುವ ತುರುಗೊಳ್ ವೀರಗಲ್ಲುಗಳನ್ನು ಬದಿಗಿಡಲು ಬರುವುದಿಲ್ಲ. ಕಳ್ಳರು ಹೊಡೆದುಕೊಂಡು ಹೋದ ದನ ಬಿಡಿಸಲು ಹೋಗಿ ಸತ್ತವನು ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದುತ್ತಿರುತ್ತಾನೆ, ಅವನ ಪಕ್ಕದಲ್ಲಿ ಸಾಲಾಗಿ ದನಗಳಿರುತ್ತವೆ. ಸಾವಿರ ವರ್ಷದ ಹಿಂದೆ ದನಕ್ಕಾಗಿ ಪ್ರಾಣ ಕೊಟ್ಟ ಸೀಮೆ ಇದು.

ಪಶು ಆಸ್ಪತ್ರೆಯ ನೌಕರಿಯಲ್ಲಿ ನಾನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕು ತಿರುಗಿದ್ದೇನೆ. ಆ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ದನಗಳ ಕಿವಿಯ ಬುಡಕ್ಕೆ, ಗಂಗೆದೊಗಲಿಗೆ, ಕೆಚ್ಚಲ ಸಂದಿಗೆ ಹೋಗುತ್ತಿತ್ತು. ಉಣ್ಣಿ ಕೂರುವ ಜಾಗಗಳು ಅವು. ಶಿಲ್ಪಿ ಅದನ್ನು ಕೆತ್ತಿಲ್ಲ, ಶಾಸನ ಬರೆದವನು ಹೇಳಿಲ್ಲ. ರಾಜರ, ಮಠಗಳ, ಕೋಟೆಗಳ ಚರಿತ್ರೆ ಬರೆದವರು ನಮ್ಮಲ್ಲಿ ಬಹಳ ಮಂದಿ. ನಮ್ಮ ಆಕಳು ಎತ್ತುಗಳ ರಕ್ತ ಕುಡಿದು ಬದುಕಿದ ಈ ಪ್ರಾಣಿಗೂ ಒಂದು ಚರಿತ್ರೆ ಇದೆ, ಅದನ್ನು ಒಂದೆಡೆ ಬರೆದಿಡಬೇಕು ಎಂಬುದು ನನ್ನ ಬಹುದಿನದ ಆಸೆ.

ಉಣ್ಣಿಗೆ ರೆಕ್ಕೆ ಇಲ್ಲ, ಅದು ಜಿಗಿಯುವುದೂ ಇಲ್ಲ. ಹುಲ್ಲಿನ ತುದಿಗೆ ಹತ್ತಿ ಮುಂಗಾಲು ಚಾಚಿಕೊಂಡು ಕಾಯುತ್ತದೆ. ಮೈ ತಾಕಿದರೆ ಹತ್ತಿಕೊಳ್ಳುತ್ತದೆ. ಅದು ಊರಿಂದ ಊರಿಗೆ ಹೋಗಬೇಕಾದರೆ ದನವೇ ಹೊತ್ತು ಒಯ್ಯಬೇಕು. ನಮ್ಮ ಸೀಮೆಯಲ್ಲಿ ಹೊತ್ತು ತಿರುಗುವ ದನಕ್ಕೆ ಬರವೇ ಇರಲಿಲ್ಲ. 1764ರಲ್ಲಿ ಹೈದರಾಲಿಗೂ ಪೇಶ್ವೆ ಮಾಧವರಾಯನಿಗೂ ಕದನ ನಡೆದದ್ದು ರಟ್ಟೀಹಳ್ಳಿಯ ಹತ್ತಿರ, ಈಚಿನವರೆಗೂ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ಊರು. ಹೈದರನ ತೋಪು, ಸಾಮಾನು ಎಳೆದದ್ದು ಮುಂದೆ ಅಮೃತಮಹಲ್ ಎಂದು ಹೆಸರಾದ ಎತ್ತುಗಳು. ಮರಾಠರ ಕಡೆಯೂ ಎತ್ತಿನ ಹಿಂಡುಗಳೇ. ಸವಣೂರು, ಬಂಕಾಪುರದ ದಾರಿಯಲ್ಲಿ ದಂಡುಗಳು ಹೋದವು, ಬಂದವು, ಬಯಲಲ್ಲಿ ಬೀಡು ಬಿಟ್ಟವು. ದಂಡು ಬೀಡು ಬಿಟ್ಟ ಕಡೆ ರಕ್ತ ಕುಡಿದು ಉಬ್ಬಿದ ಉಣ್ಣಿಗಳೂ ಉದುರಿ, ಮಣ್ಣಿನ ಬಿರುಕಲ್ಲಿ ಮೊಟ್ಟೆ ಇಟ್ಟಿರಲೇಬೇಕು. ಒಂದು ಹೆಣ್ಣು ಎರಡು ಸಾವಿರದಿಂದ ನಾಲ್ಕು ಸಾವಿರ ಮೊಟ್ಟೆ ಇಡುತ್ತದೆ.

ಬ್ರಿಟಿಷರ ಕಾಲಕ್ಕೆ ಈ ನಾಲ್ಕು ಊರುಗಳಿಗೆ ಮೂರು ತೆರನಾದ ಗಡಿಗಳು. ಹಾನಗಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ತಾಲ್ಲೂಕು. ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿ ಇದ್ದ ಊರು, ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿ ಇದ್ದ ಊರು. ಸವಣೂರು 1948ರವರೆಗೆ ನವಾಬರ ಸಂಸ್ಥಾನ. ದಕ್ಷಿಣಕ್ಕೆ ಸೊರಬ, ಶಿಕಾರಿಪುರ ಮೈಸೂರಿನ ಅರಸರವು. ಕಾಗದದ ಮೇಲೆ ಈ ಗೆರೆಗಳು ಬಿಗಿಯಾಗಿದ್ದವು. ದನ ಮಾತ್ರ ಹುಲ್ಲು ಇದ್ದ ಕಡೆ ಹೋಯಿತು. ಬಯಲಿನವರು ಬೇಸಿಗೆಯಲ್ಲಿ ಮಲೆನಾಡಿನ ಅಂಚಿಗೆ ಮೇವಿಗೆಂದು ಹೊಡೆದರು, ಅಲ್ಲಿಯವರು ಸಂತೆಗೆಂದು ಇತ್ತ ಹೊಡೆದರು. ಹಾವೇರಿಯ ದನದ ಸಂತೆಯಲ್ಲಿ ಖಿಲಾರಿ, ಅಮೃತಮಹಲ್, ಮಲೆನಾಡ ಗಿಡ್ಡ ಎಲ್ಲವನ್ನೂ ಒಂದೇ ಬಯಲಲ್ಲಿ ಕಟ್ಟಿದ್ದನ್ನು ಕಂಡಿದ್ದೇನೆ. ಉಣ್ಣಿಯ ಪಾಲಿಗೆ ಅಲ್ಲಿ ಗಡಿ ಎಂಬುದೇ ಇರಲಿಲ್ಲ.

ಮನೆಗಳಲ್ಲಿ ಇದಕ್ಕೆ ಮಾಡುತ್ತಿದ್ದ ಉಪಚಾರ ಒಂದು ದೊಡ್ಡ ವಿದ್ಯೆ. ಸಂಜೆ ಕೊಟ್ಟಿಗೆಯಲ್ಲಿ ದನ ಕಟ್ಟಿದ ಮೇಲೆ ಹೆಂಗಸರು, ಮಕ್ಕಳು ಕೂತು ಉಣ್ಣಿ ಆರಿಸುತ್ತಿದ್ದರು. ಆರಿಸಿದ್ದನ್ನು ಕೈಯಲ್ಲಿ ಒಡೆಯುತ್ತಿರಲಿಲ್ಲ. ಕೆಂಡಕ್ಕೋ ಸೀಮೆಎಣ್ಣೆಯ ಡಬ್ಬಿಗೋ ಹಾಕುತ್ತಿದ್ದರು. ಬೇವಿನೆಣ್ಣೆ, ಹೊಂಗೆ ಎಣ್ಣೆ ಸವರುತ್ತಿದ್ದರು. ತಂಬಾಕಿನ ಕಡ್ಡಿ ನೆನೆಹಾಕಿದ ನೀರಿನಲ್ಲಿ ಮೈ ಒರೆಸುತ್ತಿದ್ದರು. ಕಾರಹುಣ್ಣಿಮೆಗೆ ಎತ್ತುಗಳನ್ನು ಹಳ್ಳಕ್ಕೆ ಒಯ್ದು ತೆಂಗಿನ ನಾರಿನಿಂದ ತಿಕ್ಕಿ ತೊಳೆಯುವುದು ಹಬ್ಬದ ಶೃಂಗಾರವೂ ಹೌದು, ಮಳೆಗಾಲದ ಮುಂಚಿನ ಉಣ್ಣಿ ತೆಗೆಯುವ ಕೆಲಸವೂ ಹೌದು. ದೀಪಾವಳಿಗೆ ಹೋರಿ ಓಡಿಸುವ ಮನೆಗಳಲ್ಲಂತೂ ಈ ಆರೈಕೆಗೆ ಮಿತಿ ಇಲ್ಲ. ಕೊಬ್ಬರಿ ಸರ, ಝೂಲ, ಬಲೂನು ಕಟ್ಟಿ ಅಖಾಡಕ್ಕೆ ಬಿಡುವ ಹೋರಿಯ ಮೈಮೇಲೆ ಉಣ್ಣಿ ಕಂಡರೆ ಮನೆಯವರಿಗೆ ಅವಮಾನ. ಅಕ್ಕಿಆಲೂರಿನ ಕಡೆಯ ಒಬ್ಬ ಹಿರಿಯರು ನನಗೆ ಹೇಳಿದ್ದರು: “ಸಾಹೇಬ್ರ, ಹೋರಿ ಮೈಮ್ಯಾಗ ಉಣ್ಣಿ ಕಂಡ್ರ ಮಂದಿ ಹೋರಿ ನೋಡಂಗಿಲ್ರಿ, ನಮ್ಮ ಮನಿ ನೋಡ್ತಾರ.”

ಆರಿಸುವ ಕೈಗಳು ಕಡಿಮೆಯಾದಂತೆ ವಿಷ ಬಂತು. ಮೊದಲು ಗೆಮ್ಯಾಕ್ಸಿನ್ ಪುಡಿ. ಹೊಲಕ್ಕೆ ತಂದದ್ದನ್ನೇ ಗೋಣಿಚೀಲದ ತುಂಡಿನಲ್ಲಿ ಕಟ್ಟಿ ದನದ ಬೆನ್ನಿಗೆ ಬಡಿಯುತ್ತಿದ್ದರು. ಆ ಪುಡಿ ಹಾಲಿಗೂ ಇಳಿಯುತ್ತದೆ, ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; 1997ರಲ್ಲಿ ದೇಶದಲ್ಲಿ ಅದನ್ನು ನಿಷೇಧಿಸಿದರು. ಅಷ್ಟರಲ್ಲಿ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಬಂದಿದ್ದವು, ಆಮೇಲೆ ಐವರ್‌ಮೆಕ್ಟಿನ್ ಸೂಜಿ. ಮೊದಮೊದಲು ಎಲ್ಲಕ್ಕೂ ಉಣ್ಣಿ ತಪತಪನೆ ಉದುರಿತು. ಬರುಬರುತ್ತ ಅಳತೆ ಹೆಚ್ಚಿಸಿದರೂ ಉದುರದಾಯಿತು. ಸಾಯದೆ ಉಳಿದವುಗಳ ಮರಿಗಳೇ ಮುಂದಿನ ವರ್ಷದ ಹಿಂಡು. ವಿಷ ತಡೆಯುವ ಉಣ್ಣಿ ಇಂದು ಭಾರತದ ಎಷ್ಟೋ ರಾಜ್ಯಗಳಲ್ಲಿ ಪರೀಕ್ಷೆಯಿಂದ ಖಚಿತವಾಗಿದೆ.

ಇದೇ ಹೊತ್ತಿಗೆ ಹಾಲಿನ ಸಂಘಗಳು ಹಳ್ಳಿಗಳಿಗೆ ಬಂದವು, ಜೊತೆಗೆ ಜರ್ಸಿ, ಎಚ್.ಎಫ್. ಮಿಶ್ರತಳಿ ಬಂದವು. ಅವು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿವೆ. ಅವನ್ನು ತಂದದ್ದು ತಪ್ಪು ಎಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಖಿಲಾರಿಯ ಬಿಗಿ ಚರ್ಮ, ಸಣ್ಣ ಕೂದಲು, ನೊಣ ಕೂತರೂ ಅದುರುವ ಮೈ ಇವಕ್ಕಿಲ್ಲ. ದೇಶಿ ದನದ ಮೈ ಉಣ್ಣಿಯ ಜೊಲ್ಲನ್ನು ಗುರುತಿಸಿ ಎದುರಿಸುವ ಶಕ್ತಿಯನ್ನು ತಲೆತಲಾಂತರದಿಂದ ಗಳಿಸಿಕೊಂಡದ್ದು. ಬಂಕಾಪುರದ ಕೋಟೆಯೊಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ಸಾಕಣೆ ಕೇಂದ್ರವಿದೆ. ಅದೇ ಕೋಟೆ 2006ರಿಂದ ನವಿಲುಧಾಮವೂ ಹೌದು. ಅಲ್ಲಿಯ ಖಿಲಾರಿಗಳನ್ನು ನೋಡಿ ಶಿಗ್ಗಾವಿಯ ಕೊಟ್ಟಿಗೆಯೊಂದರ ಎಚ್.ಎಫ್. ಆಕಳನ್ನು ನೋಡಿದರೆ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಮಿಶ್ರತಳಿಗೆ ಉಣ್ಣಿ ಬರೀ ತುರಿಕೆಯಲ್ಲ. ಒಂದು ಜಾತಿಯ ಉಣ್ಣಿ ಥೈಲೇರಿಯಾ ತರುತ್ತದೆ: ಗಂಟಲ ಬದಿಯ ಗಂಟು ಊದಿ, ಸುಡುಸುಡು ಜ್ವರ ಬಂದು, ರಕ್ತ ಒಣಗಿ ಆಕಳು ಮಲಗುತ್ತದೆ. ಇನ್ನೊಂದು ಜಾತಿ ತರುವ ರೋಗದಲ್ಲಿ ಉಚ್ಚೆ ಕೆಂಪಾಗುತ್ತದೆ. ಸಾಲ ಮಾಡಿ ಕೊಂಡ ಆಕಳು ಎಂಟು ದಿನದಲ್ಲಿ ಸತ್ತ ಮನೆಗಳಿಗೆ ನಾನು ಹೋಗಿದ್ದೇನೆ. ಆ ಮನೆಯ ಹೆಣ್ಣುಮಕ್ಕಳು ಅಳುವುದು ಹೆತ್ತವರು ಸತ್ತಾಗ ಅತ್ತಂತೆಯೇ.

ಇನ್ನು ಗಡಿಯಾಚೆಯ ಕಥೆ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಹಾನಗಲ್ಲ, ಸೊರಬದ ನಡುವಿನ ಮುಂಬಯಿ–ಮೈಸೂರು ಗೆರೆ ಅಳಿಸಿತು. ಐದು ತಿಂಗಳು ತುಂಬುವ ಮೊದಲೇ, 1957ರ ಮಾರ್ಚಿನಲ್ಲಿ, ಅದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿಗೆ ತಿಳಿಯಿತು. ಮಂಗಗಳು ಸಾಯುತ್ತಿದ್ದವು, ಕಾಡಂಚಿನ ಜನ ಜ್ವರದಿಂದ ಬೀಳುತ್ತಿದ್ದರು. ಆಫ್ರಿಕದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಭಯ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ, ಅವರ ಭಾರತೀಯ ಸಂಗಡಿಗರು ಬಂದರು. ಮಂಗದಿಂದ ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯದ ಕಡೆ ಉಣ್ಣಿ ಹರಡುವ ಮಿದುಳು ಜ್ವರದ ವೈರಸ್ಸಿನ ದಾಯಾದಿಯಾಗಿತ್ತು. ಹರಡುತ್ತಿದ್ದದ್ದು ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣಿ. ಸಾಗರದಲ್ಲಿ ಕ್ಷೇತ್ರಕೇಂದ್ರ ತೆರೆದು, ಅಲ್ಲಿಯ ಕೆಲಸಗಾರರು ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಎಳೆದು ಉಣ್ಣಿ ಹಿಡಿದರು. ಹಾಗೆ ಹಿಡಿದವರಲ್ಲಿ ಕೆಲವರಿಗೆ ಅದೇ ರೋಗ ತಗುಲಿತು. ಮಂಗನ ಕಾಯಿಲೆಯ ಬಗ್ಗೆ ನಾವು ತಿಳಿದದ್ದರಲ್ಲಿ ಬಹುಪಾಲು ಅವರ ಮೈಯ ಋಣ.

ಈ ಉಣ್ಣಿಯ ಬಾಳ್ವೆ ಮೂರು ಮೈಗಳ ಮೇಲೆ ನಡೆಯುತ್ತದೆ. ಮರಿ ಒಂದು ಪ್ರಾಣಿಯ ರಕ್ತ ಕುಡಿದು ಉದುರುತ್ತದೆ. ಪೊರೆ ಬಿಟ್ಟು ಎಳೆಯದಾಗಿ ಇನ್ನೊಂದಕ್ಕೆ ಹತ್ತುತ್ತದೆ. ಮತ್ತೆ ಪೊರೆ ಬಿಟ್ಟು ಪ್ರಾಯಕ್ಕೆ ಬಂದು ಮೂರನೆಯದನ್ನು ಹುಡುಕುತ್ತದೆ. ಇಲಿ, ಹೆಗ್ಗಣ, ಮಂಗ, ಮನುಷ್ಯ, ಇವರೆಲ್ಲ ಎಳೆಯ ಉಣ್ಣಿಯ ಪಾಲು. ನವೆಂಬರಿನಿಂದ ಮೇ ತನಕ, ಜನ ದರಗು ಗುಡಿಸಲು, ಕಟ್ಟಿಗೆ ತರಲು ಕಾಡಿಗೆ ಹೋಗುವ ಹಂಗಾಮಿನಲ್ಲೇ ಅದರ ಕಾಟ. ಮಳೆಗಾಲದ ಪ್ರಾಯದ ಉಣ್ಣಿಗೆ ಮಾತ್ರ ದೊಡ್ಡ ಮೈ ಬೇಕು, ಹೆಚ್ಚಾಗಿ ದನವೇ ಬೇಕು. ಹೋರ್ಹೆ ಬೋಶೆಲ್ ಎಂಬ ಕೊಲಂಬಿಯಾದ ವಿಜ್ಞಾನಿ 1969ರಲ್ಲಿ ಇದನ್ನು ಬಿಡಿಸಿ ಬರೆದರು: ಕಾಡು ಕಡಿದು, ದನ ಹೊಕ್ಕು ಮೇಯತೊಡಗಿದ್ದರಿಂದ ಪ್ರಾಯದ ಉಣ್ಣಿಗೆ ಊಟ ಹೇರಳವಾಗಿ ಉಣ್ಣಿಯ ಸಂತತಿ ಮಿತಿ ಮೀರಿತು. ದನಕ್ಕೆ ಆ ರೋಗ ಬಾಧಿಸುವುದಿಲ್ಲ, ಅದರ ರಕ್ತದಿಂದ ವೈರಸ್ ಹರಡುವುದೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಉಣ್ಣಿಯನ್ನು ಸಾಕುವುದು ಅದೇ. ಈ ಮಾತು ಹಾನಗಲ್ಲದ ತೆಂಕಣ ಹಳ್ಳಿಗಳಿಗೂ, ಮುಂಡಗೋಡದ ಕಾಡಿಗೆ ಮುಖ ಮಾಡಿದ ಶಿಗ್ಗಾವಿಯ ಅಂಚಿಗೂ ಸೇರಿದ್ದು.

ಮನುಷ್ಯರಿಗೆ ಲಸಿಕೆ ಮಾಡಿದರು. ಮೊದಲು ರಷ್ಯದ ಆ ದಾಯಾದಿ ರೋಗದ ಲಸಿಕೆ ಕೊಟ್ಟು ನೋಡಿದಾಗ ಪ್ರಯೋಜನವಾಗಲಿಲ್ಲ. ಆಮೇಲೆ ಕ್ಯಾಸನೂರಿನ ವೈರಸ್ಸನ್ನೇ ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಾಲಿನ್‌ನಿಂದ ಕೊಂದು ಲಸಿಕೆ ತಯಾರಿಸಿದರು. 1990–92ರ ಪರೀಕ್ಷೆಯಲ್ಲಿ ಎರಡು ಸೂಜಿ ಚುಚ್ಚಿಸಿಕೊಂಡವರಿಗೆ ಶೇ 93.5ರಷ್ಟು ರಕ್ಷಣೆ ಕಂಡಿತು. 2005–2010ರ ಲೆಕ್ಕ ತೆಗೆದಾಗ ಅದು ಶೇ 62.4ಕ್ಕೆ ಇಳಿದಿತ್ತು. ಆ ಲಸಿಕೆ ಈಗ ನಿಂತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದರ ಕೆಲಸದಲ್ಲಿದೆ. ಅದು ಬೇಗ ಬರಲಿ. ಅದು ವೈರಸ್ಸಿನ ಮೇಲಿನ ಲಸಿಕೆ. ಇನ್ನೊಂದು ದಾರಿ ಉಣ್ಣಿಯ ಹೊಟ್ಟೆಯ ಮೂಲಕ ಹೋಗುತ್ತದೆ.

ಉಣ್ಣಿ ಊಟ ಮಾಡುವ ಬಗೆಯೇ ಬೇರೆ. ಮೂತಿಯನ್ನು ಚರ್ಮಕ್ಕೆ ಊರಿ, ಸಿಮೆಂಟಿನಂಥ ಅಂಟು ಸುರಿಸಿ ಭದ್ರ ಮಾಡಿಕೊಂಡ ಮೇಲೆ ದಿನಗಟ್ಟಲೆ ಅಷ್ಟಿಷ್ಟೇ ಹೀರುತ್ತದೆ. ಆ ಅವಧಿಯಲ್ಲಿ ಅದರ ಮೈತೊಗಲು ಹಿಗ್ಗಲು ಸಿದ್ಧವಾಗುತ್ತದೆ. ಕೊನೆಯ ಒಂದು ದಿನದಲ್ಲಿ ಗಟಗಟನೆ ಕುಡಿದು ಔಡಲ ಬೀಜದಂತೆ ಊದುತ್ತದೆ. ಹಸಿದಾಗಿನ ತೂಕದ ನೂರು ಪಟ್ಟು ಮೀರುವುದೂ ಉಂಟು. ರಕ್ತದ ಹೆಚ್ಚಿನ ನೀರನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಜೊಲ್ಲಾಗಿಸಿ ಮತ್ತೆ ಅದೇ ಆಕಳ ಮೈಗೆ ಬಿಡುತ್ತದೆ. ರೋಗಾಣು ಒಳಹೊಗುವುದು ಆ ಜೊಲ್ಲಿನ ಜೊತೆಗೇ.

ಕುಡಿದ ರಕ್ತ ಜೀರ್ಣವಾಗುವುದು ಇನ್ನೂ ವಿಚಿತ್ರ. ಸೊಳ್ಳೆ, ಜಿಗಣೆಗಳ ಕರುಳಿನ ಟೊಳ್ಳಿನಲ್ಲೇ ರಕ್ತ ಕರಗುತ್ತದೆ. ಉಣ್ಣಿಯ ಕರುಳಿನ ಒಳಗೋಡೆಯ ಜೀವಕೋಶಗಳು ಹಿಮೋಗ್ಲೋಬಿನ್ನನ್ನು ಒಳಗೆಳೆದುಕೊಂಡು, ತಮ್ಮೊಳಗಿನ ಹುಳಿ ಚೀಲಗಳಲ್ಲಿ ಕೆಥೆಪ್ಸಿನ್ ಎಂಬ ಕಿಣ್ವಗಳಿಂದ ಹಂತಹಂತವಾಗಿ ಕತ್ತರಿಸುತ್ತವೆ. ಪ್ರೋಟೀನು ಮೊಟ್ಟೆಗೆ ಆಹಾರವಾಗುತ್ತದೆ. ಉಳಿಯುವುದು ಹೀಮ್, ರಕ್ತಕ್ಕೆ ಕೆಂಪು ಕೊಡುವ, ಕಬ್ಬಿಣ ಹಿಡಿದಿರುವ ಭಾಗ. ಬಿಡಿಯಾದ ಹೀಮ್ ಜೀವಕೋಶಕ್ಕೆ ವಿಷ. ಉಣ್ಣಿ ಅದನ್ನು ಒಡೆಯಲಾರದು, ಆದ್ದರಿಂದ ಬಹುಪಾಲನ್ನು ಸಣ್ಣ ಸಣ್ಣ ಗುಳಿಗೆಗಳಾಗಿ ಕಟ್ಟಿ ಜೀವಕೋಶದಲ್ಲೇ ಬಚ್ಚಿಡುತ್ತದೆ. ಹಾಗಂತ ಹೀಮ್ ಇಲ್ಲದೆಯೂ ಅದಕ್ಕೆ ಬಾಳಿಲ್ಲ. ನಮ್ಮ ಮೈ ತನ್ನ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ. ಉಣ್ಣಿಯ ವಂಶ ಆ ವಿದ್ಯೆಯನ್ನು ಯಾವ ಕಾಲದಲ್ಲೋ ಕಳೆದುಕೊಂಡಿದೆ. ಚೆಕ್ ದೇಶದಲ್ಲಿ ಪೆಟ್ರ್ ಕೋಪಾಚೆಕ್ ಮತ್ತು ಸಂಗಡಿಗರು ಯುರೋಪಿನ ಉಣ್ಣಿಗಳಿಗೆ ತೆಳುಪೊರೆಯ ಮೂಲಕ ಹಿಮೋಗ್ಲೋಬಿನ್ ಇಲ್ಲದ ಬರೀ ಸೀರಮ್ ಕುಡಿಸಿದರು. ಉಣ್ಣಿಗಳು ಹೊಟ್ಟೆ ತುಂಬ ಕುಡಿದವು, ಮೊಟ್ಟೆಯನ್ನೂ ಇಟ್ಟವು. ಮರಿ ಮಾತ್ರ ಹೊರಬರಲಿಲ್ಲ. ಆ ಊಟಕ್ಕೆ ತುಸು ಹಿಮೋಗ್ಲೋಬಿನ್ ಬೆರೆಸಿದಾಗ ಮರಿಗಳಾದವು. 2016ರಲ್ಲಿ ಪ್ರಕಟವಾದ ಈ ಕೆಲಸ ಓದಿದಾಗ ನನಗೆ ಆದ ಸಂತೋಷ ದೊಡ್ಡದು. ಜನ್ಮವೆಲ್ಲ ನಾನು ನೋಡುತ್ತ ಬಂದ ಶತ್ರುವಿನ ಆಯದ ಜಾಗ ಅಲ್ಲಿ ಕಂಡಿತು.

ಆಯದ ಜಾಗಕ್ಕೆ ಪೆಟ್ಟು ಕೊಡಬಹುದೆಂದು ಅದಕ್ಕೂ ಮೊದಲೇ ಆಸ್ಟ್ರೇಲಿಯದಲ್ಲಿ ತೋರಿಸಿದ್ದರು. ಪೀಟರ್ ವಿಲಾಡ್ಸನ್ ಮತ್ತು ಅವರ ತಂಡ ದನದ ಉಣ್ಣಿಗಳ ಕರುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ 1989ರಲ್ಲಿ ಪ್ರಕಟಿಸಿತು. ಅದರ ಹೆಸರು ಬಿಎಂ86. ಅದನ್ನು ಆಕಳಿಗೆ ಚುಚ್ಚಿದರೆ ಆಕಳ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಉಣ್ಣಿ ಬಂದು ಕಚ್ಚುತ್ತದೆ, ರಕ್ತ ಕುಡಿಯುತ್ತದೆ, ರಕ್ತದ ಜೊತೆ ಆ ಪ್ರತಿಕಾಯವನ್ನೂ ಕುಡಿಯುತ್ತದೆ. ಪ್ರತಿಕಾಯ ಕರುಳಿನ ಜೀವಕೋಶಗಳಿಗೆ ಅಂಟಿ ಅವನ್ನು ಒಡೆಯುತ್ತದೆ. ರಕ್ತ ಕರುಳಿನಿಂದ ಸೋರಿ ಉಣ್ಣಿಯ ಮೈಯೆಲ್ಲ ಕೆಂಪಾಗುತ್ತದೆ. ಬದುಕಿದವು ಸಣ್ಣವಾಗಿ, ಕಡಿಮೆ ಮೊಟ್ಟೆ ಇಡುತ್ತವೆ. 1990ರ ದಶಕದ ಮೊದಲಲ್ಲಿ ಕ್ಯೂಬಾದಲ್ಲಿ ಗವಾಕ್, ಆಸ್ಟ್ರೇಲಿಯದಲ್ಲಿ ಟಿಕ್‌ಗಾರ್ಡ್ ಎಂಬ ಲಸಿಕೆಗಳು ಮಾರುಕಟ್ಟೆಗೆ ಬಂದವು. ಕ್ಯೂಬಾದಲ್ಲಿ ಲಕ್ಷಗಟ್ಟಲೆ ದನಗಳಿಗೆ ಕೊಟ್ಟು, ವಿಷ ಹೊಡೆಯುವ ಸಲವನ್ನು ಸುಮಾರು ಶೇ 60ರಷ್ಟು ಇಳಿಸಿದರು.

ಹಾಗಿದ್ದೂ ಇದು ನಮ್ಮ ಕೊಟ್ಟಿಗೆಗೆ ಏಕೆ ಬರಲಿಲ್ಲ? ಕಾರಣಗಳು ಕರುಳಿನಲ್ಲೇ ಇವೆ. ಉಣ್ಣಿ ಕಚ್ಚುವಾಗ ತನ್ನ ಕರುಳಿನ ಪ್ರೋಟೀನನ್ನು ಆಕಳಿಗೆ ತೋರಿಸುವುದಿಲ್ಲ. ಅದಕ್ಕೇ ಆಕಳಿಗೆ ಅದರ ಪರಿಚಯ ಆಗಾಗ ಆಗುವುದಿಲ್ಲ, ಸೂಜಿಯನ್ನು ನಾವೇ ಮತ್ತೆ ಮತ್ತೆ ಕೊಡಬೇಕು. ಎರಡನೆಯದು, ಊರಿಗೊಂದು ಉಣ್ಣಿ. ಅರ್ಜೆಂಟಿನಾದ ಒಂದು ಉಣ್ಣಿ ವಂಶಕ್ಕೆ ಬಿಎಂ86 ತಾಗಲೇ ಇಲ್ಲ. ಆ ಉಣ್ಣಿಯ ಕರುಳಿನಿಂದಲೇ ಬಿಎಂ95 ಎಂಬ ಇನ್ನೊಂದನ್ನು ತೆಗೆಯಬೇಕಾಯಿತು. ಮೂರನೆಯದು ರೈತನ ಕಣ್ಣು. ವಿಷ ಹೊಡೆದರೆ ಬೆಳಗಾಗುವಷ್ಟರಲ್ಲಿ ಉಣ್ಣಿ ಉದುರಿ ಬಿದ್ದಿರುತ್ತದೆ. ಲಸಿಕೆ ಹಾಕಿದ ಆಕಳ ಮೇಲೆ ಈ ವರ್ಷವೂ ಉಣ್ಣಿ ಕೂರುತ್ತದೆ; ಬರುವ ವರ್ಷದ ಹುಲ್ಲಿನಲ್ಲಿ ಮರಿ ಕಡಿಮೆಯಾಗುವುದೇ ಅದರ ಫಲ. ಒಂದು ಮನೆ ಹಾಕಿಸಿ ನೆರೆಮನೆ ಬಿಟ್ಟರೆ ಆ ಫಲವೂ ಕಾಣುವುದಿಲ್ಲ. ಆಸ್ಟ್ರೇಲಿಯದಲ್ಲೇ ಟಿಕ್‌ಗಾರ್ಡ್ ಮಾರುಕಟ್ಟೆಯಿಂದ ಹೋಯಿತು.

ನನಗೆ ಇದು ಸೋಲಿನಂತೆ ಕಾಣುವುದಿಲ್ಲ. ಇಡೀ ಊರು ಒಂದೇ ದಿನ ದನ ತೊಳೆಯುವ ಕಾರಹುಣ್ಣಿಮೆ ನಮ್ಮಲ್ಲಿದೆ. ಒಂದು ಹಳ್ಳಿಯ ದನಕ್ಕೆಲ್ಲ ಒಟ್ಟಿಗೆ ಸೂಜಿ ಹಾಕಿಸಲು ಜನರನ್ನು ಕೂಡಿಸುವುದು ಇಲ್ಲಿ ಕಷ್ಟವಲ್ಲ; ಕಾಲುಬಾಯಿ ಜ್ವರದ ಲಸಿಕೆಗೆ ಕೂಡಿಸಿದ್ದೇವೆ. ಬರೇಲಿಯ ಹತ್ತಿರ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಶ್ರೀಕಾಂತ ಘೋಷ್ ಮತ್ತು ಸಂಗಡಿಗರು ಥೈಲೇರಿಯಾ ತರುವ ಭಾರತದ ಉಣ್ಣಿಯಲ್ಲಿ ಬಿಎಂ86ಕ್ಕೆ ಸಮನಾದ ಪ್ರೋಟೀನು ಗುರುತಿಸಿ ದನದ ಮೇಲೆ ಪರೀಕ್ಷಿಸಿದ್ದಾರೆ. ಕಬ್ಬಿಣ ಹೊರುವ ಫೆರಿಟಿನ್–2, ನೀರು ದಾಟಿಸುವ ಅಕ್ವಾಪೊರಿನ್, ಹೀಗೆ ರಕ್ತದೂಟದ ಒಂದೊಂದು ಮೆಟ್ಟಿಲನ್ನೂ ಗುರಿಯಾಗಿಟ್ಟ ಪರೀಕ್ಷೆಗಳು ಹೊರಗಿನ ದೇಶಗಳಲ್ಲಿ ನಡೆದಿವೆ. ಅಲ್ಲಿಯ ಉಣ್ಣಿಗೆ ತಾಗಿದ್ದು ಇಲ್ಲಿಯದಕ್ಕೆ ತಾಗಬೇಕೆಂದಿಲ್ಲ. ಸೊರಬದ ಕಾಡಿನ ಸ್ಪಿನಿಜೆರಾ, ಹಾನಗಲ್ಲದ ಕೊಟ್ಟಿಗೆಯ ದನದ ಉಣ್ಣಿ ಮೈಕ್ರೊಪ್ಲಸ್, ಇವುಗಳ ಕರುಳನ್ನೇ ಬಿಡಿಸಿ ನೋಡಬೇಕು. ದನದ ಮೇಲೆ ಪ್ರಾಯದ ಸ್ಪಿನಿಜೆರಾಗೆ ಮರಿಯಾಗದಂತೆ ಮಾಡಿದರೆ ಕಾಡಿಗೆ ದರಗಿಗೆ ಹೋಗುವ ಹೆಂಗಸನ್ನು ಕಚ್ಚಲು ಬೇಸಿಗೆಯಲ್ಲಿ ಎಳೆಯ ಉಣ್ಣಿ ಅಷ್ಟು ಕಡಿಮೆ ಇರುತ್ತದೆ ಎಂಬುದು ನನ್ನ ಲೆಕ್ಕ. ದನದ ಲಸಿಕೆಯನ್ನೂ ಮಂಗನ ಕಾಯಿಲೆಯನ್ನೂ ಬೇರೆ ಬೇರೆ ಇಲಾಖೆಗಳ ಕಡತದಲ್ಲಿ ಇಟ್ಟಿರುವವರೆಗೆ ಈ ಲೆಕ್ಕವನ್ನು ಯಾರೂ ಪರೀಕ್ಷಿಸುವುದಿಲ್ಲ.

ಕೆಲಸ ಶುರುವಾಗುವುದು ಉಣ್ಣಿ ಹಿಡಿಯುವುದರಿಂದ, ಅದೂ ಮಳೆಗಾಲದಲ್ಲಿ. ಕಾಡಂಚಿನಲ್ಲಿ ಮೇಯ್ದು ಸಂಜೆ ತಿರುಗಿ ಬಂದ ದನದ ಮೈಯಿಂದ, ಅರೆಹೊಟ್ಟೆ ಕುಡಿದಿರುವಾಗಲೇ, ಮೂತಿ ಮುರಿಯದ ಹಾಗೆ ಬಿಡಿಸಿಕೊಳ್ಳಬೇಕು. ಪ್ರಯೋಗಾಲಯದ ಹುಡುಗರಿಗೆ ಅದನ್ನು ಕಲಿಸಬಲ್ಲ ಅಜ್ಜಿಯಂದಿರು ತಿಳವಳ್ಳಿ, ಆಡೂರು, ಚಿಕ್ಕೇರೂರು ಕಡೆ ಇನ್ನೂ ಇದ್ದಾರೆ.